ತರುವವರೇ ಕಾಯುತ್ತ ನಿಂತರೆ

ಬೆಳಗಿನ ಆರಕ್ಕೆ ಐದು ನಿಮಿಷ ಇದೆ. ಆಸ್ಪತ್ರೆಯ ರಕ್ತಪರೀಕ್ಷೆ ವಿಭಾಗದಲ್ಲಿ, ಫ್ರಿಜ್ಜಿನ ಪಕ್ಕದ ಸ್ಟೂಲಿನ ಮೇಲೆ ಕುಳಿತ ಆಕೆ ಪರದೆಯಿಂದ ಕಣ್ಣು ಕೀಳುತ್ತಿಲ್ಲ. ಇಪ್ಪತ್ತಮೂರು ದಿನಗಳಿಂದ ಇದೇ ಹೊತ್ತಿಗೆ ರಿಪೋರ್ಟುಗಳು ವಾರ್ಡಿಗೆ ಹೋಗದೆ ನಿಂತುಬಿಡುತ್ತಿವೆ. ನಿಂತಾಗಲೆಲ್ಲ ವಾರ್ಡಿನವರು ಬಯ್ಯಲು ಮೇಜಿನ ಮೇಲಿನ ಫೋನು ಬಡಿದುಕೊಳ್ಳುತ್ತದೆ. ಇವತ್ತೂ ನಿಂತರೆ ಮತ್ತೆ ಕಾಗದ, ಪೆನ್ನು ಎಂದು ಮೇಲಿನವರು ಖಡಾಖಂಡಿತವಾಗಿ ಹೇಳಿದ್ದಾರೆ. ಅಲ್ಲಿಗೆ ಈಕೆಯ ಹನ್ನೆರಡು ವರ್ಷದ ಕೆಲಸ ಮಣ್ಣುಪಾಲು.

ಆಸ್ಪತ್ರೆಗೆ ಇರುವ ಒಬ್ಬರೇ ಪ್ರೋಗ್ರಾಮರ್ ಇವರು. ಎಲ್ಲರ ಬಾಯಲ್ಲಿ 'ಕಂಪ್ಯೂಟರಕ್ಕ'. ದಿನಕ್ಕೆ ಆರುನೂರು ರಿಪೋರ್ಟು ಇವರ ಪ್ರೋಗ್ರಾಮಿನಿಂದಲೇ ಹೋಗುತ್ತವೆ. ಸರಿಯಾಗಿ ಹೋದ ದಿನ ಇವರ ನೆನಪು ಯಾರಿಗೂ ಇರುವುದಿಲ್ಲ. ಇವರ ಬಗ್ಗೆ ಬರೆಯಲು ಬಂದ ನನಗೆ ಅದನ್ನು ಕೇಳಿ ಬೇಸರ, ಅವರಿಗೆ ನಗು.

"ಎರರ್ ಇಲ್ಲ, ಗಲಾಟೆ ಇಲ್ಲ. ಪ್ರೋಗ್ರಾಮು ಸುಮ್ನೆ ಕೂತ್ಬಿಡೋದು, ನಮ್ಮ ಯಜಮಾನ್ರು ಮುನಿಸ್ಕೊಂಡ ಹಾಗೆ. ಆಫ್ ಮಾಡಿ ಆನ್ ಮಾಡಿದ್ರೆ ಮತ್ತೆ ಸರಿ."

ಮೊನ್ನೆ ನಾಲ್ವರು ಅಟೆಂಡರುಗಳನ್ನು ಕರೆದು ಅಕ್ಕ ಒಂದು ಆಟ ಆಡಿಸಿದರು. ಪ್ರೋಗ್ರಾಮಿನೊಳಗೆ ಕೇಳಿದ್ದಕ್ಕೆ ಉತ್ತರ ಹೊತ್ತು ತರುವ ಥ್ರೆಡ್ಡುಗಳು, ಅಂದರೆ ಅದರ ಆಳುಗಳು, ಇರುವುದೂ ನಾಲ್ಕೇ. ಒಬ್ಬೊಬ್ಬರ ಕೈಗೂ ಒಂದೊಂದು ಹೊಸ ರೋಗಿಯ ರಿಪೋರ್ಟು ಕೊಟ್ಟು, "ವಾರ್ಡ್ ನಂಬರ್ ಕೇಳಿ, ನಂಬರಿನ ಚೀಟಿ ಕೈಗೆ ಬರೋವರೆಗೂ ಕದಲಬೇಡಿ" ಎಂದರು. ನಾಲ್ವರೂ ಗರಬಡಿದವರಂತೆ ನಿಂತರು. ಚೀಟಿಗಳು ಒಳಕೋಣೆಯ ಮೇಜಿನ ಮೇಲೆ ಬರೆದು ಸಿದ್ಧವಾಗಿಯೇ ಇದ್ದವು.

ಕೊನೆಗೆ ಹಿರಿಯ ಅಟೆಂಡರ್ ಬಾಯಿಬಿಟ್ಟರು: "ಅಲ್ಲಮ್ಮ, ತಂದ್ಕೊಡೋರು ನಾವೇ ತಾನೆ? ನಾವೇ ಇಲ್ಲಿ ಕಾಯ್ತಾ ನಿಂತ್ರೆ ಚೀಟಿ ತರೋರ್ಯಾರು?"

ಅಕ್ಕ ಹಣೆ ಚಚ್ಚಿಕೊಂಡರು. ಹಳೆಯ ರೋಗಿಗಳ ವಾರ್ಡ್ ನಂಬರು ಪ್ರೋಗ್ರಾಮಿಗೆ ಮೊದಲೇ ಗೊತ್ತು. ಹೊಸಬರು ನಾಲ್ವರು ಒಟ್ಟಿಗೆ ಬರುವುದು ಬೆಳಿಗ್ಗೆ ಮಾತ್ರ, ನಾಲ್ಕು ಥ್ರೆಡ್ಡೂ ಒಮ್ಮೆಗೇ ಕಾಯುತ್ತ ಸಿಕ್ಕಿಬೀಳುವುದೂ ಆಗಲೇ.

"ಉತ್ತರ ತರೋ ಥ್ರೆಡ್ಡನ್ನೇ ಇನ್ನೊಂದು ಉತ್ತರಕ್ಕೆ ಕಾಯಿಸೋ ಸಾಲು ಅದು. ಇಪ್ಪತ್ತಮೂರು ದಿನದ ಹಿಂದೆ ಬರೆದೋಳು ನಾನೇ" ಎನ್ನುತ್ತಾರೆ. ಮೇಲಿನವರಿಗೂ ಹಾಗೆಯೇ ಹೇಳಿದ್ದಾರೆ. "ನಿನ್ನೆ ರಾತ್ರಿ ಅದನ್ನ ತಿದ್ದಿದೀನಿ. ಈಗ ಯಾರೂ ನಿಂತು ಕಾಯಲ್ಲ. ನಂಬರ್ ಕೇಳಿಟ್ಟು ಬೇರೆ ಕೆಲ್ಸಕ್ಕೆ ಹೋಗೋದು. ಚೀಟಿ ಬಂದಾಗ ಯಾರು ಬಿಡುವಾಗಿರ್ತಾರೋ ಅವ್ರು ರಿಪೋರ್ಟ್ ಕಳಿಸೋದು."

ಆರು ಗಂಟೆ. ಆರೂಕಾಲು. ಹೊಸ ರೋಗಿಗಳು ಒಮ್ಮೆಗೇ ಹದಿನೇಳು. ರಿಪೋರ್ಟುಗಳು ಒಂದರ ಹಿಂದೊಂದು ಹೊರಡುತ್ತಿವೆ. ಆರೂವರೆಯಾದರೂ ಫೋನು ಬಡಿದುಕೊಳ್ಳುವುದಿಲ್ಲ. ಅಬ್ಬಾ ಎಂದು ನಾನು ಉಸಿರು ಬಿಡುತ್ತೇನೆ. ಪಕ್ಕದಲ್ಲೇ ನಿಂತ ಹಿರಿಯ ಅಟೆಂಡರಿಗೆ ಫೋನೇ ಕೆಟ್ಟಿರಬಹುದೆಂದು ಅನುಮಾನ. ರಿಸೀವರ್ ಎತ್ತಿ ಕಿವಿಗಿಡುತ್ತಾರೆ.

"ಲೈನ್ ಇದೆ ಕಣಮ್ಮ. ಬಯ್ಯೋಕೆ ಯಾರೂ ಫೋನ್ ಮಾಡಿಲ್ಲ, ಅಷ್ಟೇ."

ಅಕ್ಕ ಕಣ್ಣೊರೆಸಿಕೊಂಡು ನಗುತ್ತಾರೆ. "ಇಟ್ಬಿಡಿ ಕೆಳಗೆ. ಇವತ್ತಿಂದ ನನ್ನ ನೆನಪು ಯಾರಿಗೂ ಆಗ್ಬಾರ್ದು."