ಇಮಾಮಸಾಬರು ಬಾಯಿ ತೆರೆದ ದಿನ

ಕತೆ ಕಾವೇರಿದ ಹೊತ್ತಿಗೇ ನಾಟಕ ನಿಲ್ಲಿಸಿ, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಡುವ ನಟರನ್ನು ನಾನು ಬೇರೆಲ್ಲೂ ನೋಡಿಲ್ಲ. "ನನ್ನ ಶಾಣ್ಯಾತನ ಇಲ್ಲಿಗೇ ಮುಗೀತು. ಮುಂದಿಂದು ನೀವು ಬಂದು ಮಾಡಿ ತೋರಸ್ರಿ," ಎಂದು ಇಮಾಮಸಾಬರು ಎದುರಿಗಿದ್ದ ಮಕ್ಕಳನ್ನು ಕರೆಯುತ್ತಿದ್ದರು.

ಲಕ್ಷ್ಮೇಶ್ವರದಲ್ಲಿ ಅವರದು ಹೊಲಿಗೆ ಅಂಗಡಿ. ಗದಗ ಜಿಲ್ಲೆಯಾದ ಹೊಸತರಲ್ಲಿ ವಾರಕ್ಕೆರಡು ದಿನ ಅಂಗಡಿ ಮುಚ್ಚಿ, ಇಬ್ಬರು ಗೆಳೆಯರೊಂದಿಗೆ ಬಸ್ಸು ಹತ್ತಿ ಶಾಲೆಗಳಿಗೆ ಹೋಗುತ್ತಿದ್ದರು. ರಕ್ತಹೀನತೆ, ಎಳೆಯ ಹುಡುಗಿಯರ ಮದುವೆ, ಗುಟ್ಕಾ, ಹೀಗೆ ಊರಿಗೊಂದು ಆಟ. ಕೆಟ್ಟವನ ಪಾತ್ರ ಸದಾ ಅವರದೇ. ಮಕ್ಕಳು ಎದ್ದು ಬಂದು ವಾದಿಸಿದರೆ ಸುಲಭಕ್ಕೆ ಸೋಲುತ್ತಿರಲಿಲ್ಲ. "ನಾ ಜಲ್ದಿ ಸೋತ್ರ ಆಟದಾಗ ಏನೈತ್ರಿ?" ಎನ್ನುತ್ತಿದ್ದರು. ಆದರೆ ಎದ್ದು ಬಂದ ಮಗುವನ್ನು ಯಾವ ಕಾರಣಕ್ಕೂ ಗದರಿ ಕೂರಿಸಬಾರದು ಎಂಬುದು ಅವರ ಕಟ್ಟಳೆ.

ಧಾರವಾಡದಲ್ಲಿ ಸಮಾಜಶಾಸ್ತ್ರ ಓದಿ ಬಂದಿದ್ದ ನನಗೆ ಇದರಲ್ಲೆಲ್ಲ ನಂಬಿಕೆಯಿರಲಿಲ್ಲ. ನಾಟಕಕ್ಕೆ ಮುಂಚೆ ಒಮ್ಮೆ, ಆಮೇಲೊಮ್ಮೆ ಮಕ್ಕಳಿಗೆ ಪ್ರಶ್ನೆಪತ್ರಿಕೆ ಹಂಚಿ, ಬದಲಾದದ್ದೇನೆಂದು ನೋಡಲು ಹೊರಟಿದ್ದೆ. "ಸರ, ನಾ ಅಂಗಿಗೆ ಅಳತಿ ತಗೋತೀನಿ, ನೀವು ತಲಿಗೆ ತಗೋತೀರಿ," ಎಂದು ನಕ್ಕಿದ್ದರು.

ಹಿರೇವಡ್ಡಟ್ಟಿಯ ಶಾಲೆ ಎಂದು ನೆನಪು, ಯಳವತ್ತಿಯದೂ ಇರಬಹುದು. ಅಂದು ಗುಟ್ಕಾ ತಿನ್ನುವ ಅಪ್ಪನ ಆಟ. ಬಹುಕಾಲ ತಿಂದವರ ಬಾಯಿ ಬಿಗಿದುಹೋಗುತ್ತದೆ, ಮೂರು ಬೆರಳು ಒಂದರ ಮೇಲೊಂದು ನಿಲ್ಲಿಸಿ ಬಾಯೊಳಗೆ ಹಿಡಿಸಿದರೆ ಚಿಂತೆಯಿಲ್ಲ ಎಂದು ಮಕ್ಕಳಿಗೆ ಮೊದಲೇ ಹೇಳಿಕೊಟ್ಟಿದ್ದರು. ಮಗಳ ಪಾತ್ರಕ್ಕೆ ಎದ್ದು ಬಂದ ಹುಡುಗಿ ವಾದಕ್ಕೇ ಇಳಿಯಲಿಲ್ಲ.

"ಅಪ್ಪಾ, ನಿನಗೇನೂ ಆಗಿಲ್ಲಂದ್ರ ಮೂರು ಬಟ್ಟು ಹಾಕಿ ತೋರಸು."

"ಏ, ಹಡದಪ್ಪನ್ನ ಪರೀಕ್ಷಾ ಮಾಡ್ತೀಯೇನ?"

"ಹಾಕಪಾ, ಎಲ್ಲಾರೂ ನೋಡ್ಲಿ."

ಇಮಾಮಸಾಬರ ಬಾಯಲ್ಲಿ ಎರಡೇ ಹಿಡಿದವು. ನಟನೆಯೆಂದು ಮಕ್ಕಳು ನಕ್ಕರು. ಜೊತೆಯ ಗೆಳೆಯರು ನಗಲಿಲ್ಲ. ಅಂಗಡಿಯಲ್ಲಿ ಇವರು ಮರೆಮಾಚಿ ಗುಟ್ಕಾ ತಿನ್ನುವುದು ಅವರಿಗೆ ಗೊತ್ತಿತ್ತು. ಹೆಡ್‌ಮಾಸ್ತರರು ಎದ್ದು, "ಆತಾತು, ಕುಂಡ್ರ ಹೋಗವಾ," ಎಂದರು. ಅಲ್ಲಿಗೆ ಮುಗಿಸಿದ್ದರೆ ಬೇರಾರಿಗೂ ತಿಳಿಯುತ್ತಿರಲಿಲ್ಲ.

ಇಮಾಮಸಾಬರು ಕೈಯೆತ್ತಿ ತಡೆದರು. "ಇರ್ರಿ ಸರ. ಇದು ನಾಟಕದ್ದಲ್ಲ, ಖರೇನ ನನ್ನ ಬಾಯಿ. ನಿಮಗ ಬ್ಯಾಡಂತ ಹೇಳಿ ನಾ ತಿಂದೀನಿ. ಈಗ ಏನ್ ಮಾಡ್ಲಿ, ನೀನ ಹೇಳವಾ."

ನಗು ನಿಂತಿತು. ಹುಡುಗಿ ಅಪ್ಪಾ ಎನ್ನುವುದನ್ನು ಬಿಟ್ಟು, ಮೆಲ್ಲಗೆ, "ದವಾಖಾನಿಗೆ ಹೋಗ್ರಿ," ಎಂದಳು.

ಮರುದಿನವೇ ಹೋದರು. ಬಾಯಿಯ ಕ್ಯಾನ್ಸರ್, ತಡವಾಗಿತ್ತು. ಆಪರೇಷನ್ನಿನ ಹಿಂದಿನ ದಿನ ಹುಬ್ಬಳ್ಳಿಯಲ್ಲಿ ಅವರನ್ನು ಕಂಡು, ನನ್ನನ್ನು ಕೊರೆಯುತ್ತಿದ್ದ ಪ್ರಶ್ನೆ ಕೇಳಿದೆ: ನಾಟಕವೆಂದೇ ತೇಲಿಸಿಬಿಡಬಹುದಿತ್ತಲ್ಲ?

ಆಪರೇಷನ್ನಿನ ನಂತರ ಅವರು ಒಂದು ವರ್ಷ ಬದುಕಿದ್ದರು, ಮಾತು ಮರಳಲಿಲ್ಲ. ಹಾಗಾಗಿ ಅಂದು ಕೊಟ್ಟ ಉತ್ತರವೇ ನಾನು ಅವರಿಂದ ಕೇಳಿದ ಕೊನೆಯ ಮಾತು. ಪದ ಒಂದೆರಡು ಹೆಚ್ಚುಕಡಿಮೆಯಾಗಿರಬಹುದು.

"ತೇಲಸಬೌದಿತ್ತರಿ. ಆದ್ರ ನನ್ನಂಥಾವ ಖರೆ ಹೇಳಲಿಲ್ಲಂದ್ರ, ಆ ಹುಡುಗಿ ಮನಿಗೆ ಹೋಗಿ ಅವರಪ್ಪಗ ಹ್ಯಾಂಗ ಕೇಳ್ಬೇಕು?"