ಪುರಭವನದ ಪೂರ್ವದ ಗೋಡೆ

ಊರಿನ ಪುರಭವನ ಎದ್ದಿದ್ದು ಕೆರೆ ಮುಚ್ಚಿದ ಜಾಗದಲ್ಲಿ. ಮೊದಲು ಅದು ಧಾನ್ಯದ ಮಂಡಿಯಾಗಿತ್ತು. ನೆರೆ ಬಂದ ವರ್ಷ ಅರ್ಧ ಊರು ಅದರ ಮಹಡಿಯ ಮೇಲೆ ಮಲಗಿತ್ತು. ಕೊನೆಗೆ ನಗರಸಭೆಯವರು ಅಲ್ಲಿ ಕುರ್ಚಿ ಹಾಕಿಸಿ ಜಗಳಕ್ಕೆ ಕೂತರು. ಈ ಚರಿತ್ರೆಯನ್ನೆಲ್ಲ ಕೇಳಿದವರಿಗೂ ಕೇಳದವರಿಗೂ ಹೇಳುತ್ತಿದ್ದವನು ಅಲ್ಲಿನ ಕಾವಲುಗಾರ.

ಅಪ್ಪ ಅಮ್ಮ ತೀರಿಕೊಂಡ ಮೇಲೆ ಪುಟ್ಟ ತಮ್ಮನನ್ನು ಸೊಂಟದ ಮೇಲೆ ಹೊತ್ತು ಮೆಟ್ಟಿಲ ಕೆಳಗಿನ ಕೋಣೆಗೆ ಬಂದವನು ಮತ್ತೆ ಕದಲಲಿಲ್ಲ. ತಮ್ಮ ಸಭಾಂಗಣದ ಕುರ್ಚಿ ಹಿಡಿದೇ ನಡೆಯಲು ಕಲಿತ. ದೊಡ್ಡವನಾಗಿ ಚುನಾವಣೆ ಗೆದ್ದು ಅಲ್ಲೇ ಸದಸ್ಯನಾಗಿ ಕೂತ. ಅಂದು ಅಣ್ಣನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪೂರ್ವದ ಗೋಡೆಗೊಂದು ಬಿರುಕಿತ್ತು. ಬೇಸಿಗೆಯಲ್ಲಿ ಬುಡದ ಮಣ್ಣು ಒಣಗಿ ಅದು ಬಾಯಿಬಿಟ್ಟಾಗ ಗಾರೆ ತುಂಬಿ, ಸುಣ್ಣ ಬಳಿದು, ತುಟಿಪಿಟಕ್ಕೆನ್ನದೆ ಇರುವುದು ಅಲ್ಲಿನ ಕಾವಲುಗಾರರು ನಡೆಸಿಕೊಂಡು ಬಂದ ಪದ್ಧತಿ. ಸುದ್ದಿ ಹೊರಬಿದ್ದರೆ ಕಟ್ಟಡ ಕೆಡವಲು ಹೊಂಚು ಹಾಕುವವರಿಗೇನು ಬರವೇ?

ಈ ಸಲ ತಮ್ಮನೇ ಬಂದು ಕೇಳಿದ. “ಅಣ್ಣ, ಎಲ್ಲೆಲ್ಲಿ ಹಾಳಾಗಿದೆ ತೋರ್ಸು. ರಿಪೇರಿ ಮಾಡಿಸೋ ಜವಾಬ್ದಾರಿ ನಂದು.”

ಒಡಹುಟ್ಟಿದವನಿಗೆ ಮುಚ್ಚಿಡುವುದೇನು? ಉಳಿಯಿಂದ ಗಾರೆ ಕೆರೆದು ತೋರಿಸಿದ. ತಮ್ಮ ಬಿರುಕಿನೊಳಗೆ ಬೆರಳಿಟ್ಟು ನೋಡಿದ. “ಹಾಗೇ ಬಿಡು. ಇಂಜಿನಿಯರು ನೋಡ್ಬೇಕಲ್ಲ.”

ಸಭೆಯ ದಿನ ಅಣ್ಣ ನೀರಿನ ಲೋಟಗಳ ತಟ್ಟೆ ಹಿಡಿದು ಒಳಗೆ ಹೋದಾಗ ತಮ್ಮ ಎದ್ದುನಿಂತು ಮಾತಾಡುತ್ತಿದ್ದ. ರಿಪೇರಿಯ ಸೊಲ್ಲೇ ಇಲ್ಲ. ಗೋಡೆ ಬಿರುಕುಬಿಟ್ಟ ಈ ಪುರಭವನವನ್ನೇ ಕೆಡವಬೇಕಂತೆ, ಅಂಗಡಿಗಳ ಹೊಸ ಕಟ್ಟಡ ಎಬ್ಬಿಸಬೇಕಂತೆ! ಹಿರಿಯ ಸದಸ್ಯೆಯೊಬ್ಬರು ಒಪ್ಪಲಿಲ್ಲ. “ಇಷ್ಟು ವರ್ಷ ಯಾರಿಗೂ ಕಾಣದ ಬಿರುಕು ಈಗ ಎಲ್ಲಿಂದ ಬಂತಪ್ಪಾ?”

“ನನ್ನ ಮಾತು ಬಿಡಿ, ಇವನನ್ನೇ ಕೇಳಿ. ಹೇಳಣ್ಣ, ಪ್ರತಿ ವರ್ಷ ನೀನೇ ಮುಚ್ತಿದ್ದೆ ತಾನೇ?”

ಎಲ್ಲರ ಕಣ್ಣೂ ಅವನತ್ತ ತಿರುಗಿತು. ಇಲ್ಲ ಎಂದುಬಿಟ್ಟರೆ ಕಟ್ಟಡ ಉಳಿದೀತು. ಆದರೆ ತಾನೇ ಸಾಕಿದವನು ತುಂಬಿದ ಸಭೆಯಲ್ಲಿ ಸುಳ್ಳುಗಾರನಾಗುತ್ತಾನೆ. ಅವನು ಅದನ್ನೂ ಲೆಕ್ಕ ಹಾಕಿಯೇ ಕೇಳಿದ್ದ. ದ್ರೋಹಿ!

“ಹೌದು,” ಎಂದ ಅಣ್ಣ.

ಒಂದೊಂದಾಗಿ ಕೈಗಳು ಮೇಲೆದ್ದವು. ಕೊನೆಗೆ ಆ ಹಿರಿಯ ಸದಸ್ಯೆಯೂ ಕೈಯೆತ್ತಿದರು.

ಸಭೆ ಮುಗಿದ ಮೇಲೆ ತಮ್ಮ ಮೆಟ್ಟಿಲ ಕೆಳಗಿನ ಕೋಣೆಗೆ ಬಂದ. “ಬೇಜಾರು ಮಾಡ್ಕೋಬೇಡಣ್ಣ. ಹೊಸ ಕಟ್ಟಡದಲ್ಲೂ ನಿಂಗೊಂದು ಕೋಣೆ ಮಾಡಿಸ್ತೀನಿ.”

ಅಣ್ಣ ಬಟ್ಟೆ ಗಂಟು ಕಟ್ಟುತ್ತಿದ್ದ. ತಲೆಯೆತ್ತಲಿಲ್ಲ.

“ನಾನು ಗೋಡೆ ತೋರ್ಸಿದ್ದು ಸದಸ್ಯನಿಗಲ್ಲ ಕಣೋ,” ಎಂದ. “ನನ್ನ ತಮ್ಮನಿಗೆ.”