ಮೋಡವಿಲ್ಲದೆ ಏರಿದ ನೀರು

ನಮ್ಮ ಮನೆಯ ಟಿಫಿನ್ ಕ್ಯಾರಿಯರಿನ ಕೊಂಡಿಗೆ ತುಕ್ಕು ಹಿಡಿದಿದೆ. ಹಿತ್ತಾಳೆಯ ಡಬ್ಬಿಗಳೇನೋ ಹುಣಸೆಹಣ್ಣು ತಗುಲಿದರೆ ಸಾಕು, ಮದುವಣಗಿತ್ತಿಯರಂತೆ ಹೊಳೆಯುತ್ತವೆ. ಅವನ್ನೆಲ್ಲ ಒಟ್ಟಾಗಿ ಹಿಡಿದಿಡುವ ಕಬ್ಬಿಣದ ಕೊಂಡಿ ಮಾತ್ರ ಹಾಕುವಾಗಲೂ ತೆಗೆಯುವಾಗಲೂ ಕಿರ್ರೆನ್ನುತ್ತದೆ. ಆಗೆಲ್ಲ ನಮ್ಮ ಮನೆಯವರು ಹಲ್ಲು ಕಡಿದು, "ಅದನ್ನೊಮ್ಮೆ ಬದಲಾಯಿಸಬಾರದಾ?" ಎನ್ನುತ್ತಾರೆ. ನಾನು ಬದಲಾಯಿಸುವುದಿಲ್ಲ. ಯಾಕೆಂದು ನಿಮಗೆ ಹೇಳಲು ಅಡ್ಡಿಯಿಲ್ಲ. ಹುದಿಕೇರಿಯ ಮಧ್ಯಾಹ್ನಗಳು ಹೇಗೂ ಉದ್ದ.

ಯುದ್ಧಕ್ಕೆ ಹೋಗಿ ಬಂದ ಗಂಡಸರು ಪಿಂಚಣಿಯ ಜೊತೆಗೆ ಕೆಲವು ಶಬ್ದಗಳನ್ನೂ ಮನೆಗೆ ತರುತ್ತಾರೆ. ನಮ್ಮವರು ತಂದದ್ದು 'ಬೇಸ್'. ಹೋದ ವರ್ಷ ಕಾಫಿ ಪಿಕಿಂಗ್ ಮುಗಿದು, ಮೆಣಸೂ ಒಣಗಿ, ಎಲ್ಲರೂ ಕಾಫಿಗಿಡ ಹೂಬಿಡಿಸುವ ಹೂಮಳೆಗಾಗಿ ಆಕಾಶ ನೋಡುತ್ತ ಕುಳಿತಿದ್ದಾಗ, ಅವರ ಸಮರಪ್ರಜ್ಞೆ ಇದ್ದಕ್ಕಿದ್ದಂತೆ ಜಾಗೃತವಾಯಿತು. ಮಲಬಾರಿನ ಕಡಲತೀರದಲ್ಲಿ ಒಂದು ಪ್ರಶಾಂತವಾದ ಹಳ್ಳಿಯನ್ನು ಬೇಸ್ ಮಾಡಿಕೊಂಡು, ಅಲ್ಲಿಂದ ದಿನಕ್ಕೊಂದು ಊರಿನಂತೆ ನೋಡಿ ಬರುವುದೆಂದು ತೀರ್ಮಾನವಾಯಿತು. ನಮ್ಮ ಮೆಣಸು ಕೊಳ್ಳುವ ತಲಶ್ಶೇರಿಯ ವ್ಯಾಪಾರಿ, ಅಂಥದೊಂದು ಹಳ್ಳಿಯಲ್ಲಿದ್ದ ತನ್ನ ಖಾಲಿ ಮನೆಯ ಬೀಗದಕೈ ಕೊಟ್ಟ. ತೋಟವನ್ನು ಲೆಕ್ಕ ಬರೆಯುವ ರೈಟರಿಗೆ ಒಪ್ಪಿಸಿ, ಕುಟ್ಟದಿಂದ ಯಜಮಾನರ ಅಕ್ಕನನ್ನು, ಅಂದರೆ ನನ್ನ ಅತ್ತಿಗೆಯನ್ನು, ಜೀಪಿಗೆ ಹತ್ತಿಸಿಕೊಂಡು ನಾವು ಘಟ್ಟ ಇಳಿದೆವು.

ನಾನು ಅದುವರೆಗೆ ಸಮುದ್ರ ಕಂಡವಳಲ್ಲ. ಕಾನ್ವೆಂಟಿನಲ್ಲಿ ಭೂಗೋಳ ಕಲಿಸುತ್ತಿದ್ದ ಸಿಸ್ಟರ್ ಒಂದು ಕಿತ್ತಳೆಯನ್ನು ಭೂಮಿಯಾಗಿಸಿ, ನಿಂಬೆಯೊಂದನ್ನು ಚಂದ್ರನಾಗಿಸಿ, ಉಬ್ಬರ ಇಳಿತದ ರಹಸ್ಯವನ್ನು ಬೋಧಿಸಿದ್ದರು. ಪಾಠ ಮುಗಿದ ಮೇಲೆ ಭೂಮಂಡಲವನ್ನು ಸುಲಿದು ನಮಗೇ ಹಂಚಿದ್ದರು. ಆ ಹುಳಿ ನಾಲಿಗೆಯ ಮೇಲಿದ್ದಾಗಲೇ ಹುಟ್ಟಿದ ಆಸೆಯೊಂದು ನನ್ನಲ್ಲಿ ಹಾಗೇ ಉಳಿದಿತ್ತು: ಒಂದು ಇಡೀ ಹಗಲು ಕಡಲಿನ ಮುಂದೆ ಕೂರಬೇಕು, ಮೊಣಕಾಲವರೆಗಾದರೂ ನೀರಿಗಿಳಿಯಬೇಕು. ಕಡಲು ಆ ಮನೆಯ ಅಂಗಳದ ಆಚೆಗೇ ಇತ್ತು. ಆದರೆ ಬೇಸಿನಲ್ಲಿ ಕೂರುವುದು ಸೇನಾನೀತಿಗೆ ವಿರುದ್ಧವಂತೆ.

ಆದ್ದರಿಂದ ಪ್ರತಿ ಬೆಳಗ್ಗೆ ನಾನು ಅಕ್ಕಿತರಿಯ ಉಂಡೆ ಕಟ್ಟಿ ಕಡಂಬುಟ್ಟು ಬೇಯಿಸಿ, ಕೋಳಿಸಾರು ಮಾಡಿ, ಕ್ಯಾರಿಯರ್ ತುಂಬಿ, ಜೀಪಿನ ಹಿಂದೆ ಅದನ್ನು ಮಗುವಿನಂತೆ ತೊಡೆಗೊತ್ತಿಕೊಂಡು ಕೂರುತ್ತಿದ್ದೆ. ಪ್ರವಾಸವೆಂದರೆ ಗೃಹಿಣಿಗೆ ಅಡುಗೆಮನೆಗೂ ಚಕ್ರ ಬರುವುದು, ಅಷ್ಟೇ. ಕಣ್ಣಾನೂರಿನ ಕೋಟೆ ನೋಡಿದೆವು; "ನಮ್ಮ ಮಡಿಕೇರಿಯ ಕೋಟೆಯ ಮುಂದೆ ಇದೇನು?" ಎಂದರು ಅತ್ತಿಗೆ. ತಲಶ್ಶೇರಿಯ ಕೋಟೆಯ ಮುಂದೆಯೂ ಅದೇ ತೀರ್ಪು. ಫ್ರೆಂಚರ ಮಾಹೆಗೆ ಮಾತ್ರ ಮತ್ತೆ ಮತ್ತೆ ಹೋಗಬೇಕಾಯಿತು. ಪಾನನಿಷೇಧದ ಮಲಬಾರಿನ ನಡುವೆ ಆ ಪುಟ್ಟ ಊರಿನ ಚರಿತ್ರೆ ಅಷ್ಟು ಗಹನವಾದದ್ದು, ಮತ್ತು ಅದು ಶೀಶೆಗಳಲ್ಲಿ ಲಭ್ಯ. ಹಿಂತಿರುಗುವ ಹೊತ್ತಿಗೆ ಕತ್ತಲು. ಕಡಲು ಬರೀ ಸದ್ದು. ಆ ಹಳ್ಳಿ ಅಷ್ಟೊಂದು ಪ್ರಶಾಂತವಾಗಿದ್ದದ್ದು ಹಗಲೆಲ್ಲ ನಾವು ಅಲ್ಲಿ ಇಲ್ಲದ್ದರಿಂದಲೇ ಎಂಬುದು ನನ್ನ ನಮ್ರ ಅಭಿಪ್ರಾಯ.

ಕೊನೆಯ ಬೆಳಗ್ಗೆ ನನ್ನ ಮುಖ ನೋಡಿಯೋ ಏನೋ, ಯಜಮಾನರು ಔದಾರ್ಯ ತೋರಿದರು: ಅರ್ಧ ಗಂಟೆ ಸಮುದ್ರ, ಆಮೇಲೆ ನೇರ ಘಟ್ಟ. ಸಾಮಾನು ತುಂಬಿದ ಜೀಪನ್ನು ಮರಳಿನ ಮೇಲೇ ಓಡಿಸಿದರು. ಒಣಮರಳಿನಲ್ಲಿ ಚಕ್ರ ಹೂತುಹೋಗುತ್ತದೆಂಬ ಯುದ್ಧಕಾಲದ ಜ್ಞಾನವಿತ್ತಲ್ಲ. ಹಾಗಾಗಿ ದೋಣಿಗಳನ್ನೆಲ್ಲ ದಾಟಿ, ನೀರಿನಂಚಿನ ಗಟ್ಟಿಯಾದ ಒದ್ದೆಮರಳಿನಲ್ಲಿ ಪ್ರತಿಷ್ಠಾಪಿಸಿದರು. ದೋಣಿಗಳೇಕೆ ಅಷ್ಟು ಮೇಲಿವೆ ಎಂದು ಯಾರೂ ಯೋಚಿಸಲಿಲ್ಲ.

ನಾನು ಮೆಲ್ಲಗೆ, "ಇಲ್ಲಿಯವರೆಗೆ ನೀರು ಬರುತ್ತದೇನೋ," ಎಂದೆ.

ಅವರು ಕತ್ತೆತ್ತಿ ಆಕಾಶ ನೋಡಿದರು. "ಒಂದು ಮೋಡ ಇದೆಯಾ? ಮಳೆಯೇ ಇಲ್ಲದೆ ನೀರು ಎಲ್ಲಿಂದ ಏರುತ್ತೆ? ನಿಮ್ಮ ಸಿಸ್ಟರು ಹೇಳಿದ್ದೆಲ್ಲ ಪರೀಕ್ಷೆಗೆ ಸರಿ."

ನಗಬೇಡಿ. ಕೊಡಗಿನವರ ಜಲವಿಜ್ಞಾನ ಅದೇ. ಭಾಗಮಂಡಲದಲ್ಲಿ ನೀರೇರಿದರೆ ಮೇಲೆ ಬೆಟ್ಟದಲ್ಲಿ ಮಳೆ ಹೊಯ್ದಿದೆಯೆಂದೇ ಅರ್ಥ. ಬಿಸಿಲಲ್ಲಿ ಏರುವ ನೀರನ್ನು ನಮ್ಮ ಹಿರಿಯರು ಯಾರೂ ಕಂಡಿಲ್ಲ. ಕಾನ್ವೆಂಟಿನಲ್ಲಿ ಕಲಿತವಳು ಒಂದೇ ಮಾತನ್ನು ಎರಡು ಸಲ ಹೇಳಬಾರದು, ಅದು ಅಶಿಸ್ತು. ನಾನು ದೋಣಿಯೊಂದರ ಪಕ್ಕ ಹೋಗಿ ಕುಳಿತೆ. ಅಕ್ಕ ತಮ್ಮ ಇಬ್ಬರೂ ಒಣಸಿಗಡಿ ಚೌಕಾಸಿ ಮಾಡಲು ತೀರದ ಆ ತುದಿಗೆ ನಡೆದರು.

ಸಿಸ್ಟರ್ ತೋರಿಸಿದ್ದ ನಿಂಬೆಹಣ್ಣು ತನ್ನ ಕೆಲಸ ತಾನು ಮಾಡಿತು. ನೀರು ಮೊದಲು ಚಕ್ರವನ್ನು ನೆಕ್ಕಿತು, ಆಮೇಲೆ ಸುತ್ತುವರಿಯಿತು, ಅವರು ಕೂಗುತ್ತ ಓಡಿಬರುವ ಹೊತ್ತಿಗೆ ಜೀಪಿನೊಳಗೇ ಕಾಲಿಟ್ಟಿತ್ತು. ಯಜಮಾನರು ಇಂಜಿನಿನ ಮೇಲೆ ಎಷ್ಟು ಆರ್ಭಟಿಸಿದರೋ ಚಕ್ರ ಅಷ್ಟು ಕೆಳಗಿಳಿಯಿತು. ಬಲೆ ನೇಯುತ್ತಿದ್ದ ಮುದುಕನೊಬ್ಬ ಎದ್ದು ಬಂದು, ನೀವು ಗಾಡಿಗೆ ಸ್ನಾನ ಮಾಡಿಸಲು ತಂದದ್ದಾ ಎಂದು ಮಲಯಾಳದಲ್ಲಿ ಬಹಳ ವಿನಯದಿಂದ ವಿಚಾರಿಸಿದ. ಅತ್ತಿಗೆ ಸಿಗಡಿಯ ಪೊಟ್ಟಣ ಎದೆಗವಚಿಕೊಂಡು, "ಏನೋ ತಮ್ಮಾ, ನಿನ್ನ ಬೇಸ್ ತೇಲ್ತಾ ಇದೆಯಲ್ಲೋ," ಎಂದರು.

ನೀರು ಇಳಿಯುವುದು ಸಂಜೆಗೇ. ಎಳೆಯುವ ಹಗ್ಗವೂ ಜನವೂ ಸಿಗುವುದು ಆಗಲೇ. ಅಷ್ಟರಲ್ಲಿ ಊಟದ ಕ್ಯಾರಿಯರ್ ಜೀಪಿನಲ್ಲಿ ಉಪ್ಪುನೀರಿಗೆ ಸಿಕ್ಕಿದ್ದು ನನಗೆ ನೆನಪಾಯಿತು. ಹೆಂಗಸಿಗೆ ಸಮುದ್ರಕ್ಕಿಳಿಯಲು ಇದಕ್ಕಿಂತ ಗೌರವಾನ್ವಿತವಾದ ಕಾರಣ ಬೇಕೇ? ಸೀರೆ ಎತ್ತಿ ಕಟ್ಟಿ ಇಳಿದೆ. ಮೊಣಕಾಲಿಗೆ ಬಂತು, ತೊಡೆಗೆ ಬಂತು. ಒಂದು ಅಲೆ ಬಂದು ಕಾಲಡಿಯ ಮರಳನ್ನೆಲ್ಲ ಕದ್ದುಕೊಂಡು ಹೋಯಿತು. ಕ್ಯಾರಿಯರ್ ಕೈಗೆ ಸಿಕ್ಕ ಮೇಲೂ ನಾನು ಬಹಳ ಹೊತ್ತು ಹುಡುಕಿದೆ.

ಮಿಕ್ಕ ಹಗಲನ್ನು ದೋಣಿಯೊಂದರ ನೆರಳಲ್ಲಿ ಕಳೆದೆವು. ಏನು ನೋಡಿದಿರಿ ಎಂದು ಕೇಳಿದರೆ ಹೇಳಲು ಏನೂ ಇಲ್ಲ. ಏಡಿಗಳು ಬಿಲ ತೋಡಿದವು, ಅಲೆ ಮುಚ್ಚಿತು, ಅವು ಮತ್ತೆ ತೋಡಿದವು. ನೀರಿನ ಬಣ್ಣ ಬದಲಾಯಿತು. ಅತ್ತಿಗೆ ಯಾವುದನ್ನೂ ಯಾವುದಕ್ಕೂ ಹೋಲಿಸದೆ ಗೊರಕೆ ಹೊಡೆದರು. ಯಜಮಾನರು ಸಮುದ್ರದ ಕಡೆಗೆ ಬೆನ್ನು ಹಾಕಿ ಕುಳಿತರು. ಸೋತ ಸೇನಾಪತಿ ಶತ್ರುವನ್ನು ನೋಡುವುದಿಲ್ಲವಲ್ಲ.

ಕ್ಲಬ್ಬಿನಲ್ಲಿ ಯಜಮಾನರು ಹೇಳುವ ಈ ಕತೆಗೆ 'ಇಂಜಿನ್ ತೊಂದರೆ' ಎಂಬ ಹೆಸರಿದೆ. ನಾನು ತಿದ್ದಿಲ್ಲ.

ಮೊನ್ನೆ ಅತ್ತಿಗೆಯನ್ನು ಕುಟ್ಟಕ್ಕೆ ಬಿಡಲು ಹೋಗುವಾಗ ದಾರಿಯಲ್ಲಿ ಲಕ್ಷ್ಮಣತೀರ್ಥದ ಬದಿಯಲ್ಲಿ ಊಟಕ್ಕೆ ಕುಳಿತೆವು. ಹೊಳೆ ಬೇಸಿಗೆಗೆ ಬಡವಾಗಿತ್ತು, ಕಲ್ಲುಗಳೆಲ್ಲ ಬಿಸಿಲು ಕಾಯುತ್ತಿದ್ದವು. ಯಜಮಾನರು ಎಲೆಯ ಮುಂದೆ ಕುಳಿತವರು ಆಕಾಶ ನೋಡಿದರು, ಒಂದು ಮೋಡವಿರಲಿಲ್ಲ. ಏನೋ ಮರೆತವರಂತೆ ಎದ್ದುಹೋಗಿ, ಹೊಳೆದಂಡೆಯಲ್ಲಿದ್ದ ಜೀಪನ್ನು ಹಿಂದೆ ಹಿಂದೆ ತೆಗೆದು, ರಸ್ತೆಯ ಮೇಲೆ ನಿಲ್ಲಿಸಿ ಬಂದರು. ಅತ್ತಿಗೆ ನನ್ನ ಮುಖ ನೋಡಿದರು. ನಾನು ಕ್ಯಾರಿಯರಿನ ಕೊಂಡಿ ಎತ್ತಿದೆ. ಅದು ಎಂದಿಗಿಂತ ಜೋರಾಗಿ ಕಿರ್ರೆಂದಿತು. ಯಜಮಾನರು ಹಲ್ಲು ಕಡಿಯಲಿಲ್ಲ. ಎಲೆಯನ್ನು ಸ್ವಲ್ಪ ನನ್ನ ಕಡೆಗೆ ಸರಿಸಿದರು.